ಬಿಟ್ಟಲ್ಲಿಂದ ಮುಂದಕ್ಕೆ

ಶೃಂಗೇರಿಯಲ್ಲಿ ಶಾರದಾಂಬೆಯ ಸನ್ನಿಧಿಗೆ ಅಕ್ಷರಾಭ್ಯಾಸಕ್ಕೆಂದು ಬಂದ ಮಗುವನ್ನು ಅಪ್ಪ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. ಮುಂದೆ ತಟ್ಟೆ ತುಂಬ ಅಕ್ಕಿ. ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರ ತಿದ್ದಿಸುತ್ತಿದ್ದರು. ಮಗು ನಡುವೆಯೇ ಕೈ ಬಿಡಿಸಿಕೊಂಡು ಕಾಳು ಚೆಲ್ಲಾಡಿದರೂ ಯಾರೂ ಗದರುತ್ತಿರಲಿಲ್ಲ. ಒಂದು ಮಗು, ಒಂದು ಅಕ್ಷರ, ಪಕ್ಕದಲ್ಲೇ ಕಲಿಸುವವರು. ಯಾವ ಅವಸರವೂ ಇರಲಿಲ್ಲ.

ಅವಸರ ಶುರುವಾಗುತ್ತಿದ್ದದ್ದು ಶಾಲೆಗೆ ಸೇರಿದ ಮೇಲೆ, ಜೂನ್ ತಿಂಗಳಲ್ಲಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮನೆಗಳು ಗುಂಪಾಗಿ ನಿಂತಿರಲಿಲ್ಲ. ಅಡಿಕೆ ತೋಟದ ತಲೆಯಲ್ಲಿ ಒಂದು ಮನೆ, ಗದ್ದೆ ದಾಟಿದರೆ ಇನ್ನೊಂದು, ನಡುವೆ ಕಾಡು, ಹಳ್ಳ. ಶಾಲೆಯೆಂದರೆ ಒಂದು ಕೋಣೆ, ಬಹಳವೆಂದರೆ ಎರಡು. ಒಬ್ಬರೇ ಮೇಷ್ಟ್ರು ಒಂದನೇ ತರಗತಿಗೆ ಅಕ್ಷರ ಬರೆಯಲು ಹೇಳಿ, ಎರಡನೆಯದಕ್ಕೆ ಮಗ್ಗಿ ಒಪ್ಪಿಸಿ, ಮೂರನೆಯದಕ್ಕೆ ಪಾಠ ಓದಿಸುತ್ತಿದ್ದರು. ಆರಿದ್ರಾ ಮಳೆ ಹಿಡಿದು ಹೊಯ್ದರೆ ಹಳ್ಳದ ಕಾಲುಸಂಕ ಕೊಚ್ಚಿಹೋಗುತ್ತಿತ್ತು. ಆಚೆ ದಡದ ಮಗು ಎಂಟು ಹತ್ತು ದಿನ ಮನೆಯಲ್ಲೇ ಉಳಿಯುತ್ತಿತ್ತು. ನೀರಿಳಿದ ಮೇಲೆ ಬಂದು ನೋಡಿದರೆ ಕರಿಹಲಗೆಯ ಮೇಲಿನ ಅಕ್ಷರಗಳು ಒಂದೂ ಗುರುತಿನವಲ್ಲ. ಇಂಥ ಎರಡು ಮಳೆ ಕಳೆದರೆ ಮಗುವಿಗೆ ಹಿಂದಿನ ಸಾಲು ಕಾಯಂ, ದಡ್ಡ ಎಂಬ ಹೆಸರೂ ಕಾಯಂ.

ಹಿಂದಿನ ಮಲೆನಾಡಿನ ದೊಡ್ಡ ಮನೆತನಗಳು ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡಿದ್ದವು. ಕುವೆಂಪು ಹುಟ್ಟಿದ್ದು 1904ರಲ್ಲಿ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ತೀರ್ಥಹಳ್ಳಿ ಕಡೆಯ ಕುಪ್ಪಳಿಯಲ್ಲಿ. ಅವರ ಕಾಲದ ಅಂಥ ಮನೆಗಳು ಐಗಳನ್ನು ಕರೆಸಿ ಮನೆಯ ಉಪ್ಪರಿಗೆಯಲ್ಲೇ ಪಾಠ ಹೇಳಿಸುತ್ತಿದ್ದವು. ಮಗು ಹಳ್ಳ ದಾಟಬೇಕಾಗಿರಲಿಲ್ಲ. ಆದರೆ ಉಪ್ಪರಿಗೆ ಇಲ್ಲದ ಮನೆಗಳ ಮಕ್ಕಳ ಮಾತೇನು?

ಮಗುವನ್ನು ನೋಡಿಕೊಂಡು ಪಾಠ ಸಾಗಬೇಕೆಂಬ ಮಾತು ಹೊಸದಾಗಿರಲಿಲ್ಲ. ಚಿಂತಕ ರೂಸೋ 1762ರಲ್ಲೇ ಅದನ್ನು ಹೇಳುವ ‘ಎಮಿಲ್’ ಎಂಬ ಪುಸ್ತಕ ಬರೆದಿದ್ದ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಯನ್ನು ಮಕ್ಕಳ ತೋಟವೆಂದು ಕರೆದಿದ್ದ. ಮರಿಯಾ ಮಾಂಟೆಸರಿ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದರು. ಅಲ್ಲಿ ಮಕ್ಕಳು ಉಪ್ಪುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿ ಬರೆಯಲು ಕಲಿತರು. ಅಕ್ಕಿಯ ತಟ್ಟೆಗೂ ಆ ಉಪ್ಪುಕಾಗದಕ್ಕೂ ದೂರದ ನೆಂಟಸ್ತಿಕೆ ಇದ್ದೇ ಇತ್ತು. 1939ರಲ್ಲಿ ಮಾಂಟೆಸರಿ ಮದ್ರಾಸಿಗೇ ಬಂದರು. ಯುದ್ಧದಿಂದಾಗಿ ಯುರೋಪಿಗೆ ಮರಳಲಾಗದೆ ವರ್ಷಗಟ್ಟಲೆ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಹೆಸರಿನ ಶಾಲೆಗಳು ಪೇಟೆಗಳಲ್ಲಿ ಎದ್ದವು. ಒಬ್ಬರೇ ಮೇಷ್ಟ್ರಿದ್ದ, ಮೂರು ತರಗತಿ ತುಂಬಿದ್ದ ಹಳ್ಳಿಯ ಕೋಣೆ ಮಾತ್ರ ಹೇಗಿತ್ತೋ ಹಾಗೇ ಇತ್ತು.

ಈ ಗಂಟು ಬಿಚ್ಚಲು ಹೊರಟವರು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು. ಅದು 1995. ಕಾಡಂಚಿನ ತಾಲ್ಲೂಕು, ಜೇನುಕುರುಬರ, ಕಾಡುಕುರುಬರ ಹಾಡಿಗಳು. ಇಲ್ಲಿ ಮಕ್ಕಳನ್ನು ತಡೆಯುತ್ತಿದ್ದದ್ದು ಹಳ್ಳದ ನೀರಲ್ಲ. ಅಪ್ಪ ಅಮ್ಮ ಕೂಲಿಗೆ ಹೊರಟರೆ ಮಗುವೂ ಹೊರಡುತ್ತಿತ್ತು. ಹಾಜರಿ ಪುಸ್ತಕದಲ್ಲಿದ್ದ ಹೆಸರಿಗೂ ಕೋಣೆಯಲ್ಲಿದ್ದ ತಲೆಗೂ ತಾಳೆಯಾಗುತ್ತಿರಲಿಲ್ಲ. ಯುನಿಸೆಫ್ ನೆರವಿನಿಂದ ಒಂದಷ್ಟು ಶಿಕ್ಷಕರು ಆಂಧ್ರದ ಮದನಪಲ್ಲೆ ಹತ್ತಿರದ ರಿಷಿ ವ್ಯಾಲಿಗೆ ಹೋದರು. ಅದು ಚಿಂತಕ ಜಿಡ್ಡು ಕೃಷ್ಣಮೂರ್ತಿಯವರ ಹೆಸರಾಂತ ವಸತಿಶಾಲೆ. ಇವರು ನೋಡಲು ಹೋದದ್ದು ಸುತ್ತಲ ಹಳ್ಳಿಗಳಲ್ಲಿದ್ದ ಅದರ ಪುಟ್ಟ ಶಾಲೆಗಳನ್ನು.

ಅಲ್ಲಿ ಒಬ್ಬರೇ ಶಿಕ್ಷಕರು, ಒಂದೇ ಕೋಣೆ, ಎಲ್ಲ ವಯಸ್ಸಿನ ಮಕ್ಕಳು. ಇವರ ಊರಿನದೇ ಚಿತ್ರ. ಆದರೆ ಪಾಠ ಹೇಳುವ ದನಿ ಕೇಳಿಸಲಿಲ್ಲ. ಮಕ್ಕಳು ಗೋಡೆಯ ಮೇಲಿನ ಏಣಿಯಂಥ ಚಿತ್ರದಲ್ಲಿ ತಮ್ಮ ಮೆಟ್ಟಿಲು ಹುಡುಕಿದರು. ಅಲ್ಲಿದ್ದ ಗುರುತು ನೋಡಿದರು, ಅದೇ ಗುರುತಿನ ಕಾರ್ಡನ್ನು ತಾವೇ ತೆಗೆದುಕೊಂಡು ಕೂತರು. ಓದಲು ಬಾರದ ಮಗುವಿಗೂ ಚಿತ್ರದ ಗುರುತು ತಿಳಿಯುತ್ತಿತ್ತು.

ಈ ಏಣಿಯನ್ನು ಕಟ್ಟಿದವರು ಪದ್ಮನಾಭ ರಾವ್ ಮತ್ತು ರಮಾ ದಂಪತಿ. ಕುರಿ ಕಾಯಲು ಹೋದ ಮಗು ವಾರಗಟ್ಟಲೆ ತಪ್ಪಿಸಿಕೊಂಡು ಮರಳಿದಾಗ ಪಠ್ಯಪುಸ್ತಕ ಅದನ್ನು ಬಿಟ್ಟು ಎಷ್ಟೋ ಮುಂದೆ ಹೋಗಿರುವುದನ್ನು ಅವರು ಕಂಡಿದ್ದರು. ಹಾಗಾಗಿ ಪುಸ್ತಕವನ್ನೇ ಬಿಡಿಸಿದರು. ಒಂದೊಂದು ಪಾಠವನ್ನು ಸಣ್ಣ ಸಣ್ಣ ಹೆಜ್ಜೆಯ ಕಾರ್ಡುಗಳಾಗಿ ಒಡೆದು, ಇಡೀ ಶಾಲೆಯನ್ನು ಒಂದು ಪೆಟ್ಟಿಗೆಯಲ್ಲಿ ಹಿಡಿಸಿದರು.

ಇಲ್ಲಿ ಕತೆಗೊಂದು ತಿರುವಿದೆ. ಈ ದಂಪತಿ ಪಳಗಿದ್ದು ಕರ್ನಾಟಕದ ಒಂದು ಶಾಲೆಯಲ್ಲೇ! ಡೇವಿಡ್ ಹಾರ್ಸ್‌ಬರೋ ಎಂಬ ಇಂಗ್ಲಿಷರು ಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದು, ಮುಂದೆ ರಿಷಿ ವ್ಯಾಲಿಯಲ್ಲಿ ಪಾಠ ಹೇಳಿ, 1972ರಲ್ಲಿ ಕೋಲಾರ ಜಿಲ್ಲೆಯ ಹಳ್ಳಿಗಾಡಿನಲ್ಲಿ ನೀಲ್‌ಬಾಗ್ ಎಂಬ ಶಾಲೆ ತೆರೆದಿದ್ದರು. ಅಲ್ಲಿ ತರಗತಿಗಳಿರಲಿಲ್ಲ, ಪರೀಕ್ಷೆ ಇರಲಿಲ್ಲ, ಬಹುಮಾನವೂ ಶಿಕ್ಷೆಯೂ ಇರಲಿಲ್ಲ. ಹಳ್ಳಿಯ ಮಕ್ಕಳು ಭಾಷೆಗಳ ಜೊತೆ ಮರಗೆಲಸ, ಕುಂಬಾರಿಕೆ ಕಲಿತರು. ಹಾರ್ಸ್‌ಬರೋ 1984ರಲ್ಲಿ ತೀರಿಕೊಂಡರು. ಅವರು ಹೊತ್ತಿಸಿದ ದೀಪ ಗಡಿ ದಾಟಿತ್ತು; ಈಗ ಹೆಗ್ಗಡದೇವನಕೋಟೆಯ ಶಿಕ್ಷಕರ ಕೈಯಲ್ಲಿ ತವರಿಗೆ ಮರಳುತ್ತಿತ್ತು.

ಮರಳಿದ ಮೇಲೆ ನಿಜವಾದ ಪೇಚಾಟ. ತಂದ ಮಾದರಿ ತೆಲುಗಿನದು. ಅದನ್ನು ಕನ್ನಡಕ್ಕೆ ಇಳಿಸಿದರೆ ಹಾಡು ಒಗ್ಗಲಿಲ್ಲ, ಅಕ್ಷರದ ಲೆಕ್ಕ ಕೂಡಲಿಲ್ಲ. ಶಿಕ್ಷಕರೇ ಕೂತು ಪಠ್ಯಪುಸ್ತಕ ಹರವಿಕೊಂಡು ಹೆಜ್ಜೆಗಳಾಗಿ ಒಡೆದರು; ರಟ್ಟು ಕತ್ತರಿಸಿದರು, ಚಿತ್ರ ಬರೆದರು, ಮನೆಮಂದಿ ಹೇಳುತ್ತಿದ್ದ ಹಾಡು, ಒಗಟು, ಕತೆಗಳನ್ನು ಕಲೆಹಾಕಿದರು. ಈ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ ಇದೇ. ಮೇಲಿನಿಂದ ಬಂದ ಆದೇಶವನ್ನು ಪಾಲಿಸಿಯೇ ರೂಢಿಯಿದ್ದವರು ಮೊದಲ ಸಲ ತಮ್ಮ ಪಾಠವನ್ನು ತಾವೇ ಕಟ್ಟಿದರು.

ಅಕ್ಷರಮಾಲೆಯ ಸಮಸ್ಯೆ ಬಗೆಹರಿದದ್ದಂತೂ ಸೊಗಸು. ಅ ಆ ಇ ಈ ಎಂದು ಶುರುಮಾಡಿದರೆ ಈ, ಋಗಳ ಸುರುಳಿಯಲ್ಲಿ ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತಿತ್ತು. ಹದಿನೈದು ಅಕ್ಷರ ಕಲಿತರೂ ಓದಲು ಒಂದು ಒಳ್ಳೆಯ ಪದ ಸಿಗುತ್ತಿರಲಿಲ್ಲ. ನಲಿ-ಕಲಿ ಎಂದು ಹೆಸರಾದ ಈ ಹೊಸ ಪದ್ಧತಿ ಮಾಲೆಯ ಸರತಿಯನ್ನೇ ಮುರಿಯಿತು. ಮೊದಲು ಬಂದದ್ದು ರ, ಗ, ಸ, ದ, ಅ. ಬರೆಯಲು ಸಲೀಸಾದ ದುಂಡು ರೂಪಗಳು. ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ. ಗುಣಿತವಿಲ್ಲ, ಒತ್ತಕ್ಷರವಿಲ್ಲ. ನಲವತ್ತೊಂಬತ್ತು ಅಕ್ಷರ ಮುಗಿಯುವವರೆಗೆ ಕಾಯಬೇಕಿದ್ದ ಮಗು ಐದಕ್ಕೇ ಓದತೊಡಗಿತು. ಆ ಮೇಲೆ ಜ, ವ, ಮ, ಬ, ನ.

ಊರಿನವರಿಗೆ ಇದು ಹಿಡಿಸಲಿಲ್ಲ. ಪುಸ್ತಕವಿಲ್ಲದ, ಪರೀಕ್ಷೆಯಿಲ್ಲದ, ಬರೀ ಹಾಡಿ ಕುಣಿಯುವ ಶಾಲೆ ಎಂಥದೆಂದು ಕೇಳಿದರು. ಮೇಷ್ಟ್ರು ಕುರ್ಚಿ ಬಿಟ್ಟು ಮಕ್ಕಳ ಜೊತೆ ಚಾಪೆಯ ಮೇಲೆ ಕೂತದ್ದೂ ಹಲವರಿಗೆ ಸರಿಕಾಣಲಿಲ್ಲ. ಉತ್ತರ ಮಕ್ಕಳಿಂದಲೇ ಬಂತು: ಶಾಲೆ ಬಿಟ್ಟವರು ಮರಳಿದರು. ಐಎಎಸ್ ಅಧಿಕಾರಿ ಅನಿತಾ ಕೌಲ್ ಅವರಂಥವರು ಪ್ರಯೋಗದ ಬೆನ್ನಿಗೆ ನಿಂತರು. ಅದು ಬೇರೆ ತಾಲ್ಲೂಕುಗಳಿಗೆ ಹಬ್ಬಿತು. ಕೆಲವೆಡೆ ಕಾರ್ಡುಗಳು ಬೀರುವಿನಲ್ಲೇ ಉಳಿದು ಪ್ರಯೋಗ ಸೊರಗಿತು, ಮತ್ತೆ ಚಿಗುರಿತು. ರಿಷಿ ವ್ಯಾಲಿಯ ಅದೇ ಬೇರಿನಿಂದ 2003ರಲ್ಲಿ ಚೆನ್ನೈ ನಗರಪಾಲಿಕೆಯ ಶಾಲೆಗಳಲ್ಲೂ ಇನ್ನೊಂದು ಕೊಂಬೆ ಒಡೆಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ನಡುವಿಟ್ಟು ಚಟುವಟಿಕೆಯಿಂದ ಕಲಿಸಬೇಕೆಂದು ಬರೆಯಿತು. ಆ ಶೈಕ್ಷಣಿಕ ಸಾಲಿನಲ್ಲೇ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ನಲಿ-ಕಲಿ ಬಂತು, ಮರುವರ್ಷ ಮೂರನೆಯದಕ್ಕೆ.

ಹೀಗೆ ಅದು ತುಂಗೆಯ ದಡಕ್ಕೂ, ಭದ್ರೆಯ ಹಿನ್ನೀರಿನ ನರಸಿಂಹರಾಜಪುರಕ್ಕೂ ತಲುಪಿತು. ಹಳೆಯ ಹೆಂಚಿನ ಕೋಣೆಯ ಸೂರಿನಡಿ ತಂತಿಯ ಕಲಿಕಾ ಚಪ್ಪರ ಎದ್ದು, ಮಕ್ಕಳು ಬರೆದ ಹಾಳೆಗಳು ಅದರಿಂದ ತೂಗಿದವು. ನೆಲದ ಮೇಲೆ ಐದು ಗುಂಪು: ಶಿಕ್ಷಕರ ಪೂರ್ತಿ ನೆರವಿನದೊಂದು, ಅರ್ಧ ನೆರವಿನದೊಂದು, ಗೆಳೆಯರ ಸಹಾಯದವು ಎರಡು, ತಾವೇ ಕಲಿಯುವವರದೊಂದು. ಮೂರು ತರಗತಿಯ ಮಕ್ಕಳೂ ಅದರಲ್ಲಿ ಬೆರೆತು ಕೂತರು. ಗೋಡೆಯ ಹವಾಮಾನ ನಕ್ಷೆಯಲ್ಲಿ ದಿನವೂ ಗುರುತು ಹಾಕುವುದು ಮಕ್ಕಳ ಕೆಲಸ. ಮಲೆನಾಡಿನ ಜುಲೈಯಲ್ಲಿ ಅವರಿಗೆ ಸೂರ್ಯನ ಚಿತ್ರ ಬರೆಯುವ ಅವಕಾಶ ಸಿಕ್ಕಿದ್ದು ಅಪರೂಪ.

ರೂಸೋನಿಂದ ಹೆಗ್ಗಡದೇವನಕೋಟೆಯ ಶಿಕ್ಷಕರವರೆಗೆ ಇಷ್ಟೆಲ್ಲ ಅಲೆದು ಸಿಕ್ಕಿದ ಗುಟ್ಟು ಚಿಕ್ಕದು. ತರಗತಿಯೆಂಬ ಗಾಡಿ ಎಲ್ಲರನ್ನೂ ಒಂದೇ ವೇಗದಲ್ಲಿ ಎಳೆಯುತ್ತಿತ್ತು. ಇಳಿದವರಿಗೆ ಮತ್ತೆ ಹತ್ತಲು ಜಾಗವಿರಲಿಲ್ಲ. ಏಣಿ ಹಾಗಲ್ಲ. ಯಾರು ಯಾವ ಮೆಟ್ಟಿಲಲ್ಲಿ ನಿಂತರೋ ಆ ಮೆಟ್ಟಿಲು ಅಲ್ಲೇ ಇರುತ್ತಿತ್ತು. ಹತ್ತು ದಿನದ ಮಳೆ ಬಿಟ್ಟು ಹಳ್ಳ ಇಳಿದ ಮೇಲೆ ಬಂದ ಹುಡುಗ ಕೊಡೆ ಮೂಲೆಗಿಟ್ಟು, ಒದ್ದೆ ಕಾಲಲ್ಲೇ ಗೋಡೆಯ ಬಳಿ ಹೋಗಿ ತನ್ನ ಗುರುತು ಹುಡುಕಿದ. ‘ಅರಸ’ ಅವನಿಗಾಗಲೇ ಬರುತ್ತಿತ್ತು. ‘ಗರಗಸ’ದ ಕಾರ್ಡು ತೆಗೆದುಕೊಂಡು ಗುಂಪಿನಲ್ಲಿ ಕೂತ.