ಹಳೆಯ ಜೀಪಿಗೆ ಲಾಕಿಂಗ್ ಹಬ್: ಮಳೆಯಲ್ಲಿ ಇಳಿದು ತಿರುಗಿಸುವವರು ಯಾರು?

ನಾಲ್ಕು ವರ್ಷಗಳ ಹಿಂದೆ, ಜುಲೈ ತಿಂಗಳಿನಲ್ಲಿ, ಮೂಡಿಗೆರೆ ಕಡೆ ಇರುವ ಅಕ್ಕನ ಮನೆಗೆ ಹೋಗಿದ್ದೆ. ಭಾವನ ಹಳೆಯ ಜೀಪಿನಲ್ಲಿ ತೋಟದ ಮೇಲಿನ ದಾರಿಯಿಂದ ಮನೆಗೆ ಇಳಿಯುತ್ತಿದ್ದೆವು. ಮೂರು ದಿನದಿಂದ ಬಿಡದೆ ಸುರಿದ ಮಳೆಗೆ ಮಣ್ಣಿನ ಇಳಿಜಾರು ಸೋಪು ಸವರಿದಂತಾಗಿತ್ತು. ಭಾವ ‘ಫೋರ್‌ವೀಲ್’ ಹಾಕಿ, ಲೋ ಗೇರಿನಲ್ಲಿ, ಬ್ರೇಕ್ ಮುಟ್ಟದೆ ನಿಧಾನವಾಗಿ ಇಳಿಸುತ್ತಿದ್ದರು. ಆದರೂ ಜೀಪಿನ ಹಿಂಭಾಗ ಅಡ್ಡಕ್ಕೆ ಜಾರಿತು. ದಾರಿಯಂಚಿನ ಸಿಲ್ವರ್ ಓಕ್ ಮರವೊಂದಕ್ಕೆ ಒರಗಿ ನಿಂತೆವು. ಆ ಮರದ ಆಚೆಗೆ ಎರಡಾಳೆತ್ತರದ ಧರೆ.

ಇಳಿದು ನೋಡಿದರೆ ಮುಂದಿನ ಎಡಚಕ್ರದ ನಡುವೆ ಇರುವ ತಿರುಗುಗುಂಡಿ ‘ಲಾಕ್’ ಎಂಬಲ್ಲಿತ್ತು, ಬಲಚಕ್ರದ್ದು ‘ಫ್ರೀ’ ಎಂಬಲ್ಲಿ. ಅಂದರೆ ನಾವು ನಂಬಿ ಕುಳಿತಿದ್ದ ನಾಲ್ಕು ಚಕ್ರದ ಹಿಡಿತ ಅಲ್ಲಿ ಇರಲೇ ಇಲ್ಲ. ಎಂಜಿನ್ನಿನ ಹಿಡಿತ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಸಿಕ್ಕಿತ್ತು. ಬಲಗಡೆಯ ಗುಂಡಿ ಎಷ್ಟು ತಿರುಗಿಸಿದರೂ ಅಲುಗಲಿಲ್ಲ. ಭಾವ ಬೆಳಿಗ್ಗೆ ಹೊರಡುವಾಗ ತಿರುಗಿಸಲು ನೋಡಿ, ಬಂತು ಅಂದುಕೊಂಡು ಬಿಟ್ಟಿದ್ದರಂತೆ.

ಹೊಸ ಹಬ್ ಆರಿಸುವ ಕೆಲಸ ನನ್ನ ಸೋದರಳಿಯನ ಪಾಲಿಗೆ ಬಂತು. ಆಗ ಅವನು ಮೆಕ್ಯಾನಿಕಲ್ ಡಿಪ್ಲೊಮಾ ಎರಡನೆಯ ವರ್ಷದಲ್ಲಿದ್ದ. “ಮಾವ, ಆಟೊಮ್ಯಾಟಿಕ್ ಹಬ್ಬೇ ತಗೊಳ್ಳಣ. ಅಪ್ಪಂಗೆ ಮಂಡಿನೋವು, ಮಳೇಲಿ ಇಳಿದು ತಿರುಗಿಸೋಕಾಗಲ್ಲ. ಡೀಸೆಲ್ಲೂ ಉಳಿಯುತ್ತಂತೆ” ಎಂದ. ನಾನು ವಿಜ್ಞಾನದ ಮೇಷ್ಟ್ರು, ಮೆಕ್ಯಾನಿಕ್ ಅಲ್ಲ. ಆದರೆ ಈ ಪ್ರಶ್ನೆಗೆ ಬೇಕಾದ ವಿಜ್ಞಾನದ ಬಹುಪಾಲು ಹೈಸ್ಕೂಲ್ ಪುಸ್ತಕದಲ್ಲೇ ಇದೆ.

ಮೊದಲಿಗೆ ಹಬ್ ಎಂದರೇನು? ಎತ್ತಿನಗಾಡಿಯ ಚಕ್ರದ ನಡುವಿನ ಗುಂಬ ಇದ್ದಂತೆ, ಮೋಟಾರು ಚಕ್ರದ ನಡುಭಾಗವೇ ಹಬ್. ಹಳೆಯ ಜೀಪಿನಲ್ಲಿ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಬಂದು, ಅಲ್ಲಿಂದ ಹಿಂದಕ್ಕೂ, ಬೇಕೆಂದಾಗ ಮುಂದಕ್ಕೂ ಹರಿಯುತ್ತದೆ. ಮುಂದಿನ ಸಂಪರ್ಕ ತಪ್ಪಿಸಿ ಟಾರು ರಸ್ತೆಯಲ್ಲಿ ಹೋಗುವಾಗ ಮುಂಭಾಗದ ಯಂತ್ರಕ್ಕೆ ವಿಶ್ರಾಂತಿ ಸಿಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಸರಿಯಲ್ಲ. ಉರುಳುವ ಚಕ್ರಗಳು ತಮಗೆ ಬಿಗಿದ ಆಕ್ಸಲ್ ಶಾಫ್ಟುಗಳನ್ನು ತಿರುಗಿಸುತ್ತವೆ. ಅವು ಡಿಫರೆನ್ಷಿಯಲ್ಲನ್ನೂ, ಅದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೂ ತಿರುಗಿಸುತ್ತವೆ. ಎಂಜಿನ್ ಚಕ್ರವನ್ನು ತಿರುಗಿಸುವ ಬದಲು ಚಕ್ರವೇ ಯಂತ್ರವನ್ನು ತಿರುಗಿಸುವ ವ್ಯರ್ಥ ದುಡಿಮೆ ಇದು.

ಎಷ್ಟು ವ್ಯರ್ಥ? ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು. ಟೈರಿನ ವ್ಯಾಸ ಸುಮಾರು 73 ಸೆಂ.ಮೀ. ಎಂದುಕೊಳ್ಳಿ, ಒಂದು ಸುತ್ತಿಗೆ ಸುಮಾರು 2.3 ಮೀಟರ್. ಗಂಟೆಗೆ 50 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ 360ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ವಿಲ್ಲಿಸ್ ಸಿಜೆ-3ಬಿ ಮಾದರಿಯ ಆಕ್ಸಲ್ಲಿನ ಗೇರ್ ಅನುಪಾತ 5.38. ಗುಣಿಸಿದರೆ, ಯಾರಿಗೂ ಬೇಡವಾದ ಆ ಮುಂದಿನ ಪ್ರೊಪೆಲ್ಲರ್ ಶಾಫ್ಟು ನಿಮಿಷಕ್ಕೆ 2000ದಷ್ಟು ಸುತ್ತು ಸುಮ್ಮನೆ ತಿರುಗುತ್ತಿರುತ್ತದೆ. ಕ್ರಾಸುಗಳು, ಸೀಲುಗಳು, ಬೇರಿಂಗುಗಳು ಎಲ್ಲವೂ ಸವೆಯುತ್ತವೆ.

ಇದಕ್ಕೆ ಪರಿಹಾರವಾಗಿ ಬಂದದ್ದೇ ಲಾಕಿಂಗ್ ಹಬ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೇನೆಯ ಜೀಪುಗಳು ಜನಸಾಮಾನ್ಯರ ಕೈಗೆ ಬಂದವು. ಅವನ್ನು ರಸ್ತೆಗೆ ಒಗ್ಗಿಸಲು ಸಿಯಾಟಲ್ ಕಡೆಯ ಆರ್ಥರ್ ವಾರ್ನ್ 1948ರಲ್ಲಿ ಇಂಥ ಹಬ್ ತಯಾರಿಸತೊಡಗಿದರು. ಚಕ್ರಕ್ಕೂ ಆಕ್ಸಲ್ ಶಾಫ್ಟಿಗೂ ನಡುವೆ ಹಲ್ಲುಗಳುಳ್ಳ ಒಂದು ಉಂಗುರ. ಗುಂಡಿ ಒಂದು ಕಡೆಗೆ ತಿರುಗಿಸಿದರೆ ಉಂಗುರ ಎರಡನ್ನೂ ಕಚ್ಚಿ ಹಿಡಿಯುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಬಿಡುತ್ತದೆ. ಬಿಟ್ಟಾಗ ಚಕ್ರ ಉರುಳುತ್ತದೆ, ಶಾಫ್ಟು ಸುಮ್ಮನಿರುತ್ತದೆ.

ಒಂದು ಹಬ್ ಹಿಡಿದು ಇನ್ನೊಂದು ಬಿಟ್ಟಿದ್ದರೆ ಅರ್ಧ ಲಾಭವಾದರೂ ಇರಬೇಕಲ್ಲ ಎಂದು ನನ್ನ ತರಗತಿಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ, ಉತ್ತರ ಮಾತ್ರ ಸೊನ್ನೆ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಬದಿಗೆ ಸಮನಾದ ತಿರುಚುಬಲ ಕೊಡುತ್ತದೆ. ಬಿಟ್ಟುಕೊಂಡ ಬದಿಯಲ್ಲಿ ತಡೆಯೇ ಇಲ್ಲ, ಹಾಗಾಗಿ ಅಲ್ಲಿ ಬಲವೂ ಇಲ್ಲ. ಇನ್ನೊಂದು ಬದಿಗೂ ಅಷ್ಟೇ. ಅಂದು ನಮ್ಮ ಜೀಪಿನ ಎಡ ಹಬ್ ಹಿಡಿದಿದ್ದೂ ಉಪಯೋಗಕ್ಕೆ ಬಾರದೆ ಹೋದದ್ದು ಇದರಿಂದಲೇ.

ಇನ್ನು ಅಳಿಯನ ಆಟೊಮ್ಯಾಟಿಕ್ ಹಬ್. ಯಾಂತ್ರಿಕವಾಗಿ ಕೆಲಸ ಮಾಡುವ ಬಗೆಯಲ್ಲಿ, ಫೋರ್‌ವೀಲ್ ಹಾಕಿದಾಗ ಶಾಫ್ಟಿನ ತಿರುಗುವಿಕೆಯೇ ಹಬ್ಬನ್ನು ಹಿಡಿಸುತ್ತದೆ. ಬಿಡಿಸಲು ಫೋರ್‌ವೀಲ್ ತೆಗೆದು ಸ್ವಲ್ಪ ದೂರ ಹಿಂದಕ್ಕೆ ಓಡಿಸಬೇಕು. ಇಳಿಯುವ ತೊಂದರೆ ಇಲ್ಲ, ನಿಜ. ಆದರೆ ಸೈಕಲ್ಲನ್ನು ನೆನಪಿಸಿಕೊಳ್ಳಿ. ಪೆಡಲ್ ತುಳಿದರೆ ಚಕ್ರ ತಿರುಗುತ್ತದೆ. ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿದರೆ ಚಕ್ರ ನಿಲ್ಲುವುದಿಲ್ಲ. ಎಂಜಿನ್ ಚಕ್ರವನ್ನು ಎಳೆಯುವಾಗ ಬಲ ಒಂದು ದಿಕ್ಕಿನಲ್ಲಿ, ಚಕ್ರ ಎಂಜಿನ್ನನ್ನು ನೂಕುವ ಇಳಿಜಾರಿನಲ್ಲಿ ಬಲ ಎದುರು ದಿಕ್ಕಿನಲ್ಲಿ. ಬಲ ಹೀಗೆ ತಿರುಗಿ ಬೀಳುವ ಗಳಿಗೆಯಲ್ಲಿ ಇಂಥ ಹಬ್ಬು ಸಡಿಲಗೊಂಡು ಮತ್ತೆ ಕಚ್ಚಬಹುದು. ಬಯಲುಸೀಮೆಯ ರಸ್ತೆಯಲ್ಲಿ ಅದು ದೊಡ್ಡ ಮಾತಲ್ಲ. ಕೆಸರಿನ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವನ್ನೇ ಬ್ರೇಕಿನಂತೆ ನಂಬಿ ಇಳಿಯುವವನಿಗೆ ಆ ಒಂದು ಗಳಿಗೆ ಬಹಳ ದೊಡ್ಡದು. ಕೈಯಿಂದ ತಿರುಗಿಸುವ ಹಬ್ ಹಿಡಿದರೆ ಎರಡೂ ದಿಕ್ಕಿಗೆ ಹಿಡಿಯುತ್ತದೆ. ನನ್ನ ಮತ ಅದಕ್ಕೇ ಬಿತ್ತು.

ಡೀಸೆಲ್ ಉಳಿತಾಯದ ಬಗ್ಗೆ ಹೆಚ್ಚು ಆಸೆ ಬೇಡ. ಸ್ವಲ್ಪ ಉಳಿಯಬಹುದು, ಟೈರಿನ ಗಾಳಿ ಕಡಿಮೆಯಿದ್ದರೆ ಅದೂ ಮುಳುಗಿಹೋಗುತ್ತದೆ. ನಿಜವಾದ ಲಾಭ ಮುಂದಿನ ಕ್ರಾಸು, ಸೀಲುಗಳ ಆಯುಸ್ಸಿನಲ್ಲಿ, ಸದ್ದು ತಗ್ಗುವುದರಲ್ಲಿ, ಸ್ಟೀರಿಂಗ್ ಹಗುರಾಗುವುದರಲ್ಲಿ.

ಅಂಗಡಿಗೆ ಹೋಗುವ ಮುನ್ನ ಮಾಡಬೇಕಾದ ಕೆಲಸ ಎಣಿಕೆ. ಅಳಿಯ ಜೀಪಿನ ಮಾದರಿಯ ಹೆಸರು ಹೇಳಿ ಹಬ್ ತರಲು ಹೊರಟಿದ್ದ, ನಾನೇ ತಡೆದೆ. ಹಳೆಯ ಗಾಡಿಗಳಲ್ಲಿ ಯಾವ ಕಾಲದಲ್ಲಿ ಯಾರು ಯಾವ ಆಕ್ಸಲ್ ಕೂರಿಸಿದ್ದಾರೋ ಹೇಳಲಾಗದು. ಶಾಫ್ಟಿನ ತುದಿಯಲ್ಲಿ ಉದ್ದಕ್ಕೆ ಕೊರೆದ ಹಲ್ಲುಗಳಿರುತ್ತವೆ, ಅವಕ್ಕೆ ಸ್ಪ್ಲೈನ್ ಎನ್ನುತ್ತಾರೆ. ಹಳೆಯ ವಿಲ್ಲಿಸ್ ಜೀಪುಗಳಲ್ಲಿ 10 ಹಲ್ಲು. ಅಮೆರಿಕದಲ್ಲಿ 1970ರ ದಶಕದಲ್ಲಿ ಬಂದ ಸಿಜೆಗಳಲ್ಲಿ 27. ಹಬ್ಬನ್ನು ಬಿಗಿಯುವ ಬೋಲ್ಟುಗಳು ಕೆಲವದರಲ್ಲಿ 6, ಕೆಲವದರಲ್ಲಿ 5. ಮಾರುತಿ ಜಿಪ್ಸಿಯ ಹಬ್ ಜೀಪಿಗೆ ಕೂರುವುದಿಲ್ಲ. ಹಾಗಾಗಿ ಹಲ್ಲು ಎಣಿಸಿ, ಬೋಲ್ಟು ಎಣಿಸಿ, ಬೋಲ್ಟುಗಳ ನಡುವಿನ ಅಂತರ ಅಳೆದು, ಸಾಧ್ಯವಾದರೆ ಹಳೆಯ ಹಬ್ಬನ್ನೇ ಕೈಯಲ್ಲಿ ಹಿಡಿದು ಹೋಗಬೇಕು.

ಕೈಗೆ ತೆಗೆದುಕೊಂಡು ನೋಡುವಾಗ ತಿರುಗುಗುಂಡಿ ಲೋಹದ್ದೋ ಪ್ಲಾಸ್ಟಿಕ್ಕಿನದೋ ಎಂದು ಮೊದಲು ನೋಡಿ. ಒದ್ದೆ ಕೈಯಲ್ಲಿ, ಕೆಸರು ಮೆತ್ತಿದಾಗಲೂ ತಿರುಗಬೇಕು. ಲಾಕ್ ಆದಾಗ ಟಕ್ ಎಂದು ಸ್ಪಷ್ಟವಾಗಿ ಕೂರಬೇಕು. ನೀರು ತಡೆಯುವ ರಬ್ಬರ್ ಉಂಗುರಗಳು ಇರಬೇಕು, ಮತ್ತು ಅವು ಬಿಡಿಯಾಗಿ ಸಿಗುವಂತಿರಬೇಕು. ಹೆಸರಾಂತ ಕಂಪನಿಯದು ಎಂದ ಮಾತ್ರಕ್ಕೆ ಬಿಡಿಭಾಗ ನಮ್ಮೂರಿನಲ್ಲಿ ಸಿಗುತ್ತದೆ ಎಂದಲ್ಲ.

ನಮ್ಮ ಹಳೆಯ ಬಲ ಹಬ್ ಜಡವಾಗಲು ಕಾರಣವೇನೆಂದು ಅಳಿಯ ಅದನ್ನು ಬಿಚ್ಚಿ ನೋಡಿದ. ಒಳಗೆಲ್ಲ ಗ್ರೀಸು! ಯಾರೋ ಪುಣ್ಯಾತ್ಮರು ಬೇರಿಂಗಿಗೆ ತುಂಬುವಂತೆ ಹಬ್ಬಿಗೂ ತುಂಬಿದ್ದರು. ಅದು ನೀರು, ಧೂಳು ಸೇರಿ ಗಟ್ಟಿಯಾಗಿ, ಉಂಗುರವನ್ನು ನೂಕುವ ಸ್ಪ್ರಿಂಗು ಸೋತುಹೋಗಿತ್ತು. ಹಬ್ಬಿನ ಒಳಗೆ ತೆಳುವಾಗಿ ಸವರಿದರೆ ಸಾಕು. ಪ್ರೀತಿ ಹೆಚ್ಚಾಗಿ ಕೆಟ್ಟ ಯಂತ್ರಗಳ ಪಟ್ಟಿಗೆ ಇದನ್ನೂ ಸೇರಿಸಬಹುದು.

ಹಬ್ ಹಾಕಿಸಿದವರು ಎರಡು ಅಪಾಯ ತಿಳಿದಿರಬೇಕು. ಒಂದು, ಹಬ್ ಬಿಟ್ಟಿರುವಾಗ ಲೋ ಗೇರಿನಲ್ಲಿ ಭಾರ ಎಳೆದರೆ ಇಬ್ಬರು ಹೊರಬೇಕಾದ ಹೊರೆ ಹಿಂದಿನ ಆಕ್ಸಲ್ ಒಂದರ ಮೇಲೇ ಬೀಳುತ್ತದೆ, ಶಾಫ್ಟು ಮುರಿಯಬಹುದು. ಇನ್ನೊಂದು, ವಿಲ್ಲಿಸ್ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಗಳಿಗಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮಿಗೆ ಹಿಡಿಯುತ್ತದೆ. ಫೋರ್‌ವೀಲ್ ಹಾಕಿ ನಿಲ್ಲಿಸಿದರೆ ನಾಲ್ಕೂ ಚಕ್ರ ಹಿಡಿದಿರುತ್ತವೆ ಎಂಬ ಭರವಸೆ ಹಬ್ ಬಿಟ್ಟಿರುವಾಗ ಸುಳ್ಳು. ಇಳಿಜಾರಿನಲ್ಲಿ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿ ಇಳಿದು ಹೋಗುವ ತಂದೆತಾಯಂದಿರು ಇದನ್ನು ಗಮನಿಸಬೇಕು. ಚಕ್ರಕ್ಕೆ ಕಲ್ಲು ಕೊಡುವ ಹಳೆಯ ಅಭ್ಯಾಸ ಬಿಡಬೇಡಿ.

ಉಳಿದದ್ದು ಭಾವನ ಮಂಡಿ. ಇಲ್ಲಿ ಹಬ್ ಲಾಕ್ ಮಾಡುವುದು ಬೇರೆ, ಫೋರ್‌ವೀಲ್ ಹಾಕುವುದು ಬೇರೆ ಎಂಬುದನ್ನು ಬಿಡಿಸಿಕೊಳ್ಳಬೇಕು. ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕುವುದು ತಪ್ಪು. ಹಳೆಯ ಜೀಪಿನ ಎರಡು ಆಕ್ಸಲುಗಳ ನಡುವಿನ ದೂರ 80 ಅಂಗುಲ, ಅಂದರೆ ಸುಮಾರು 2 ಮೀಟರ್. ಹಿಂದಿನ ಆಕ್ಸಲ್ 5 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ ಮುಂದಿನದು, ಪೈಥಾಗೊರಸನ ಪ್ರಕಾರ, ಸುಮಾರು 5.4 ಮೀಟರ್ ತ್ರಿಜ್ಯದಲ್ಲಿ ಸಾಗುತ್ತದೆ. ಕಾಲು ಸುತ್ತಿನಲ್ಲೇ ಮುಂದಿನ ಚಕ್ರಗಳು ಅರ್ಧ ಮೀಟರಿಗೂ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ, ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಟಾರಿನ ಮೇಲೆ ಶಾಫ್ಟುಗಳೇ ತಿರುಚಿಕೊಳ್ಳುತ್ತವೆ. ಆದರೆ ಹಬ್ ಲಾಕ್ ಮಾಡಿ, ಫೋರ್‌ವೀಲ್ ಹಾಕದೆ ಟಾರಿನ ಮೇಲೆ ಓಡಿಸಿದರೆ ಏನೂ ಆಗದು. ಹಬ್ ಇಲ್ಲದ ಜೀಪುಗಳು ಅಷ್ಟು ವರ್ಷ ಓಡಿದ್ದೇ ಹಾಗೆ. ಒಂದಿಷ್ಟು ಸವೆತ, ಅಷ್ಟೇ.

ಹೀಗಾಗಿ ಕೈಯಿಂದ ತಿರುಗಿಸುವ ಹಬ್ಬನ್ನೇ ಕೂರಿಸಿದರು. ಜೂನ್ ಮೊದಲ ಮಳೆಗೆ ಅಳಿಯ ಎರಡೂ ಬದಿ ಲಾಕ್ ಮಾಡಿ ಬಿಡುತ್ತಾನೆ; ಬಿಚ್ಚುವುದು ಮಳೆ ಹಿಂತೆಗೆದ ಮೇಲೆ. ಭಾವ ಒಳಗೆ ಕುಳಿತೇ ಫೋರ್‌ವೀಲ್ ಹಾಕುತ್ತಾರೆ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಲಾಕ್ ಮಾಡಿ ಕೆಲವು ಕಿಲೋಮೀಟರ್ ಓಡಿಸುತ್ತಾರೆ, ಒಳಗಿನ ಗೇರುಗಳಿಗೆ ಎಣ್ಣೆ ಹತ್ತಲಿ ಎಂದು. ಹಬ್ ಕೈಕೊಟ್ಟರೆ ಇರಲಿ ಎಂದು ಮೂಲದ ಫ್ಲಾಂಜುಗಳೆರಡನ್ನೂ ಗೋಣಿಚೀಲದಲ್ಲಿ ಸುತ್ತಿ, ಪಾನಾ ಸಮೇತ, ಸೀಟಿನ ಕೆಳಗೆ ಇಟ್ಟಿದ್ದಾರೆ. ಎರಡೂ ಗುಂಡಿಗಳ ತುದಿಗೆ ಅಳಿಯ ಹಳದಿ ಬಣ್ಣ ಬಳಿದಿದ್ದಾನೆ. ಮನೆಯ ಜಗಲಿಯಲ್ಲಿ ನಿಂತೇ ಅಕ್ಕ ನೋಡಿ ಹೇಳುತ್ತಾಳೆ, ಲಾಕ್ ಆಗಿದೆಯೋ ಇಲ್ಲವೋ ಎಂದು.