ಪರದೆಯ ಮೇಲಣ ಓದು ಮತ್ತು ಓದುಗನ ಸ್ವಂತ ಅಳತೆ

ಕಾಲೇಜು ವಿದ್ಯಾರ್ಥಿಗಳು ಇಂದು ಪಠ್ಯಗಳನ್ನೂ ಸಂಶೋಧನ ಪ್ರಬಂಧಗಳನ್ನೂ ಬಹುಮಟ್ಟಿಗೆ ಗಣಕದ ಇಲ್ಲವೆ ಮೊಬೈಲಿನ ಪರದೆಯ ಮೇಲೆಯೇ ಓದುತ್ತಾರೆ. ಇದರಿಂದ ಓದು ಕೆಟ್ಟಿತೆಂದು ಅಧ್ಯಾಪಕರಲ್ಲಿ ಕೆಲವರೂ, ಸಾಧನ ಬದಲಾಯಿತೇ ಹೊರತು ಓದು ಬದಲಾಗಲಿಲ್ಲವೆಂದು ಮತ್ತೆ ಕೆಲವರೂ ಹೇಳುವುದುಂಟು. ಎರಡು ಪಕ್ಷದವರ ದೃಷ್ಟಿಯೂ ಪರದೆಯ ಮೇಲೆಯೇ ನೆಟ್ಟಿದೆ. ನಾವು ಇಲ್ಲಿ ವಿಚಾರಮಾಡಹೊರಟಿರುವುದು ಬೇರೊಂದನ್ನು: ಪರದೆಯ ಮುಂದೆ ಕುಳಿತ ಓದುಗನು, ತನಗೆ ವಿಷಯವು ಎಷ್ಟು ತಿಳಿಯಿತೆಂಬುದನ್ನು ಹೇಗೆ ಅಳೆದುಕೊಳ್ಳುತ್ತಾನೆ ಎಂಬುದನ್ನು.

ಇಸ್ರೇಲಿನ ವಿದ್ವಾಂಸರಾದ ರಾಕೆಫೆಟ್ ಆಕರ್ಮನ್ ಮತ್ತು ಮಾರಿಸ್ ಗೋಲ್ಡ್‌ಸ್ಮಿತ್ ಎಂಬವರು 2011ರಲ್ಲಿ ಪ್ರಕಟಿಸಿದ ಪ್ರಯೋಗವು ಈ ದೃಷ್ಟಿಯಿಂದ ಮುಖ್ಯವಾದುದು. ಸುಮಾರು 1,000ದಿಂದ 1,200 ಪದಗಳಷ್ಟಿರುವ ವಿವರಣಾತ್ಮಕ ಲೇಖನಗಳನ್ನು ಕೆಲವರಿಗೆ ಕಾಗದದ ಮೇಲೆ, ಕೆಲವರಿಗೆ ಪರದೆಯ ಮೇಲೆ ಓದಲು ಕೊಡಲಾಯಿತು. ಓದಿ ಮುಗಿಸಿದೊಡನೆ, ಮುಂದೆ ಬರುವ ಪರೀಕ್ಷೆಯಲ್ಲಿ ತಾವು ಎಷ್ಟರಮಟ್ಟಿಗೆ ಉತ್ತರಿಸಬಲ್ಲೆವೆಂಬುದನ್ನು ಅವರೇ ಊಹಿಸಿ ಹೇಳಬೇಕಾಗಿತ್ತು. ಎಲ್ಲರಿಗೂ ಒಂದೇ ಕಾಲಾವಧಿಯನ್ನು ಗೊತ್ತುಮಾಡಿದಾಗ ಎರಡು ಗುಂಪುಗಳ ಫಲಿತಾಂಶದಲ್ಲಿ ಭೇದ ಕಾಣಲಿಲ್ಲ. ಎಷ್ಟು ಹೊತ್ತು ಓದಬೇಕೆಂಬುದನ್ನು ಓದುವವರಿಗೇ ಬಿಟ್ಟಾಗ ಪರದೆಯ ಗುಂಪು ಹಿಂದೆ ಬಿದ್ದಿತು. ಅವರ ಊಹೆಗಳೂ ಅಷ್ಟು ಸರಿಯಾಗಿರಲಿಲ್ಲ. ಕಾಲವನ್ನು ಹಂಚಿಕೊಳ್ಳುವುದರಲ್ಲಿಯೂ ಕ್ರಮವಿರಲಿಲ್ಲ. ಎಂದರೆ, ಪರದೆಯು ಬುದ್ಧಿಯ ಗ್ರಹಣಶಕ್ತಿಯನ್ನು ಕುಂದಿಸಿತೆನ್ನಲಾಗದು. ಎಲ್ಲಿ ನಿಲ್ಲಬೇಕು, ಎಲ್ಲಿ ಮತ್ತೆ ಓದಬೇಕು ಎಂಬ ಎಚ್ಚರವನ್ನು ಸಡಿಲಿಸಿತು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ‘ನಾನು ಓದಿದ್ದೆ, ಅರ್ಥವೂ ಆಗಿತ್ತು’ ಎಂದು ವಿದ್ಯಾರ್ಥಿಯು ಹೇಳುವ ಮಾತನ್ನು ನೆಪವೆಂದು ತಳ್ಳಿಹಾಕುವುದು ಆದುದರಿಂದ ಸರಿಯಲ್ಲ. ಅವನು ನಿಜವಾಗಿಯೇ ಹಾಗೆ ನಂಬಿರಬಹುದು.

2018ರಲ್ಲಿ ಡೆಲ್ಗಾಡೋ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು 1,70,000ಕ್ಕೂ ಮಿಕ್ಕಿದ ಜನ. ವಿಷಯನಿರೂಪಣೆಯ ಬರಹಗಳಲ್ಲಿ ಕಾಗದದ ಓದೇ ಮೇಲೆನಿಸಿತು. ಬರಿಯ ಕಥನದಲ್ಲಿ ಆ ಭೇದ ತೋರಲಿಲ್ಲ. ವ್ಯತ್ಯಾಸವು ದೊಡ್ಡದೇನೂ ಅಲ್ಲ. ಆದರೆ 2000ದಿಂದ 2017ರ ವರೆಗಿನ ಆ ಅವಧಿಯಲ್ಲಿ ಅದು ಇಳಿಯುವುದಕ್ಕೆ ಬದಲು ಏರಿತೆಂಬುದು, ‘ರೂಢಿಯಾದರೆ ಸರಿಹೋಗುತ್ತದೆ’ ಎನ್ನುವವರು ಯೋಚಿಸತಕ್ಕ ಸಂಗತಿ. ಕಾಲದ ಒತ್ತಡವಿದ್ದಾಗ ಭೇದ ಹೆಚ್ಚೆಂದೂ ಇಲ್ಲಿ ಕಂಡುಬಂದಿದೆ. ಇದು ಮೇಲೆ ಹೇಳಿದ ಪ್ರಯೋಗಕ್ಕೆ ನೇರವಾಗಿ ಹೊಂದುವುದಿಲ್ಲ ಎಂಬುದನ್ನು ನಾವು ಮರೆಮಾಡಬೇಕಾಗಿಲ್ಲ.

ವಿದ್ಯಾರ್ಥಿಗಳಿಗೆ ಪರದೆಯೇ ಇಷ್ಟವೆಂದು ಭಾವಿಸುವುದೂ ತಪ್ಪು. 21 ದೇಶಗಳ 10,293 ವಿದ್ಯಾರ್ಥಿಗಳನ್ನು ವಿಚಾರಿಸಿ 2018ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬಹುಸಂಖ್ಯಾತರು ಅಭ್ಯಾಸದ ಓದಿಗೆ ಮುದ್ರಿತ ರೂಪವನ್ನೇ ಬಯಸಿದ್ದರು. ಬಯಕೆ ಒಂದು, ಕೈಗೆ ಎಟುಕುವುದು ಇನ್ನೊಂದು. ಗ್ರಂಥಾಲಯದಲ್ಲಿ ಒಂದೇ ಪ್ರತಿಯಿರುವ ಪುಸ್ತಕವನ್ನು ತರಗತಿಯ ಎಲ್ಲರೂ ಓದಬೇಕಾದಾಗ ಪಿಡಿಎಫ್ ಕಡತವಲ್ಲದೆ ಅವರಿಗೆ ಬೇರೆ ಗತಿಯೇನು?

ಕನ್ನಡದ ಅಭ್ಯಾಸಿಗಳಿಗೆ ಇದರ ಜೊತೆಗೆ ಬೇರೊಂದು ತೊಡಕೂ ಇದೆ. ನಮ್ಮ ಹಳೆಯ ಗ್ರಂಥಗಳಲ್ಲಿ ಹಲವು ಪುಟಗಳ ಛಾಯಾಪ್ರತಿಗಳಾಗಿ ಮಾತ್ರ ದೊರೆಯುತ್ತವೆ. ಅಲ್ಲಿ ಪದವನ್ನು ಹುಡುಕುವ ಸೌಕರ್ಯವಿಲ್ಲ. ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸದಲ್ಲಿ ಸಿದ್ಧವಾದ ಪ್ರಬಂಧಗಳಿಂದ ಒಂದು ವಾಕ್ಯವನ್ನು ಎತ್ತಿಕೊಂಡರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಬರುವುದುಂಟು. ಹುಡುಕಲಾಗದಿರುವುದು ಒಂದು ರೀತಿಯಲ್ಲಿ ಒಳ್ಳೆಯದೇ, ಪುಟಗಳನ್ನು ತಿರುವಿಯೇ ನೋಡಬೇಕಾಗುತ್ತದೆ ಎಂದು ನಮ್ಮಲ್ಲಿ ಕೆಲವರು ಹಾಸ್ಯಕ್ಕೆ ಹೇಳುವುದುಂಟು. ಆದರೆ ಹಳಗನ್ನಡ ಕಾವ್ಯವೊಂದರ ಸಂಪಾದಿತ ಆವೃತ್ತಿಯನ್ನು ಮೊಬೈಲಿನಲ್ಲಿ ತೆರೆದಾಗ ಏನಾಗುತ್ತದೆಂಬುದನ್ನು ನೋಡಿ. ಮಸುಕಾದ ಒತ್ತಕ್ಷರವನ್ನು ಗುರುತಿಸಲು ಓದುಗನು ಪದ್ಯವನ್ನು ದೊಡ್ಡದು ಮಾಡಿಕೊಳ್ಳುತ್ತಾನೆ. ಕೂಡಲೆ ಪುಟದ ಅಡಿಯಲ್ಲಿರುವ ಪಾಠಾಂತರಗಳು ಪರದೆಯಿಂದ ಆಚೆಗೆ ಸರಿಯುತ್ತವೆ. ಕಣ್ಣಿಗೆ ಬೀಳದ ಅಡಿಟಿಪ್ಪಣಿಯನ್ನು ತಾನು ಬಿಟ್ಟೆನೆಂಬುದೂ ಅವನಿಗೆ ತಿಳಿಯುವುದಿಲ್ಲ. ಪದ್ಯ ಓದಿಯಾಯಿತೆಂಬ ತೃಪ್ತಿ ಮಾತ್ರ ಉಳಿಯುತ್ತದೆ. ಸಂಪಾದಕನು ಹಸ್ತಪ್ರತಿಗಳ ನಡುವೆ ಏಕೆ ಒಂದು ಪಾಠವನ್ನು ಆರಿಸಿ ಇನ್ನೊಂದನ್ನು ಬಿಟ್ಟನೆಂಬ ಪ್ರಶ್ನೆಯೇ ಏಳುವುದಿಲ್ಲ. ಸ್ನಾತಕೋತ್ತರ ತರಗತಿಯಲ್ಲಿ ಕಲಿಯಬೇಕಾದ ವಿದ್ಯೆಯಾದರೋ ಆ ಪ್ರಶ್ನೆಯೇ ಆಗಿದೆ.

ಇದಕ್ಕೆ ಪರಿಹಾರವಾಗಿ ಪರದೆಯನ್ನು ನಿಷೇಧಿಸುವುದು ಸಾಧ್ಯವೂ ಅಲ್ಲ, ನ್ಯಾಯವೂ ಅಲ್ಲ. ಲಾಟರ್‌ಮನ್ ಮತ್ತು ಆಕರ್ಮನ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಲೇಖನದ ಸಾರವನ್ನು ಸೂಚಿಸುವ ಕೆಲವು ಪದಗಳನ್ನು ಬರೆಯುವಂತೆ ಹೇಳಿದಾಗ, ಮೊದಮೊದಲಿನ ಪಾಠಗಳಲ್ಲಿ ಪರದೆಯವರ ಹಿಂಬೀಳಿಕೆ ಇಲ್ಲವಾಯಿತು. ‘ಸ್ವಲ್ಪ ಹೊತ್ತು ಬಿಟ್ಟು’ ಎಂಬುದನ್ನು ಇಲ್ಲಿ ಗಮನಿಸಬೇಕು. ಓದಿದ ಕೂಡಲೆ ಬರೆದರೆ ಕಣ್ಣ ಮುಂದಿನ ವಾಕ್ಯವೇ ನೆನಪಿನ ವೇಷದಲ್ಲಿ ಬಂದು ನಿಲ್ಲುತ್ತದೆ. ತರಗತಿಯ ಆರಂಭದಲ್ಲಿ, ಮೊಬೈಲುಗಳನ್ನು ಮುಚ್ಚಿಸಿ, ಹಿಂದಿನ ದಿನ ಓದಿದ ಪ್ರಬಂಧದಿಂದ ಐದು ಪದಗಳನ್ನು ಹಾಳೆಯ ಮೇಲೆ ಬರೆಯಿಸುವುದಕ್ಕೆ ಐದು ನಿಮಿಷ ಸಾಕು. ಹಾಳೆಗೆ ಅಂಕ ಕೊಡಬೇಕಾಗಿಲ್ಲ, ಅದು ವಿದ್ಯಾರ್ಥಿಯ ಬಳಿಯಲ್ಲಿಯೇ ಇರಲಿ. ಇನ್ನು ಪಾಠಾಂತರಗಳಿರುವ ಪುಟಗಳನ್ನಾದರೂ ಕಾಗದದ ಮೇಲೆ ಅಚ್ಚುಹಾಕಿಸಿ, ಪದ್ಯವೂ ಅಡಿಟಿಪ್ಪಣಿಯೂ ಒಂದೇ ನೋಟಕ್ಕೆ ಸಿಗುವಂತೆ ವಿದ್ಯಾರ್ಥಿಗಳ ಕೈಗೆ ಕೊಡುವ ವೆಚ್ಚವನ್ನು ವಿಭಾಗಗಳೇ ವಹಿಸಿಕೊಳ್ಳತಕ್ಕದ್ದೆಂದು ನಮ್ಮ ಅಭಿಪ್ರಾಯ.