ಎಲ್ಲ ಕುದುರೆಗೂ ಜನವರಿ ಒಂದರಂದೇ ಹುಟ್ಟುಹಬ್ಬ

ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಲೆಕ್ಸಿಂಗ್ಟನ್ ಊರಿನ ಸುತ್ತಲಿನ ನೆಲಕ್ಕೆ ಬ್ಲೂಗ್ರಾಸ್ ಸೀಮೆ ಎಂದು ಹೆಸರು. ಅಡಿಯಲ್ಲಿ ಸುಣ್ಣಕಲ್ಲು, ಮೇಲೆ ಹುಲುಸಾದ ಹುಲ್ಲು. ರೇಸ್ ಕುದುರೆ ಸಾಕಣೆಗೆ ಜಗತ್ತಿನಲ್ಲೇ ಹೆಸರಾದ ಜಾಗ. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಇಲ್ಲಿನ ದೊಡ್ಡ ಫಾರಂಗಳು, ಅವುಗಳ ಬೀಜದ ಕುದುರೆಗಳು. ಆದರೆ ನಾಲ್ಕಾರು ಹೆಣ್ಣು ಕುದುರೆ ಇಟ್ಟುಕೊಂಡು, ಲಾಯದ ಲದ್ದಿ ಬಳಿಯುವುದರಿಂದ ಹಿಡಿದು ಹೆರಿಗೆಯವರೆಗೆ ಮನೆಮಂದಿಯೇ ನೋಡಿಕೊಳ್ಳುವ ಚಿಕ್ಕ ಫಾರಂಗಳೂ ಇಲ್ಲಿವೆ. ಫೆಬ್ರುವರಿ, ಮಾರ್ಚ್ ಬಂತೆಂದರೆ ಆ ಮನೆಗಳಲ್ಲಿ ನಿದ್ದೆ ಪಾಳಿಯ ಪ್ರಕಾರ. ಒಬ್ಬರು ಮಲಗಿದರೆ ಇನ್ನೊಬ್ಬರು ಲಾಯದಲ್ಲಿ. ಬೆಳಗಾದರೆ ಮಕ್ಕಳು ಬಕೆಟ್ಟಿನ ಮೇಲೆ ಕಟ್ಟಿದ ಮಂಜುಗಡ್ಡೆ ಒಡೆದು ಶಾಲೆಗೆ ಹೊರಡಬೇಕು. ಇದನ್ನು ವಸಂತದ ಸಂಭ್ರಮ ಎಂದು ಬಣ್ಣಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಮನೆಗಳನ್ನು ಎಬ್ಬಿಸಿ ಕೂರಿಸಿರುವುದು ಋತುವಲ್ಲ, ಕಾಗದದ ಮೇಲಿನ ಒಂದು ತಾರೀಕು.

ಉತ್ತರ ಗೋಳಾರ್ಧದ ಥರೋಬ್ರೆಡ್ ತಳಿಯ ರೇಸ್ ಕುದುರೆಗಳಿಗೆಲ್ಲ, ಯಾವ ತಿಂಗಳಲ್ಲಿ ಹುಟ್ಟಿರಲಿ, ಜನವರಿ 1ಕ್ಕೆ ಒಂದು ವರ್ಷ ತುಂಬಿದ ಲೆಕ್ಕ. ಹಾಗಾಗಿ ಜನವರಿಯ ಮರಿಯೂ ಮೇ ತಿಂಗಳ ಮರಿಯೂ ಒಂದೇ ವಯಸ್ಸಿನವು ಎಂದು ಓಡಬೇಕು. ಕುದುರೆಯ ದೇಹಕ್ಕೆ ಈ ಲೆಕ್ಕ ಹಿಡಿಸದು. ಹಗಲು ದೀರ್ಘವಾದಂತೆ ಅದಕ್ಕೆ ಬೆದೆ ಬರುತ್ತದೆ. ಗಬ್ಬದ ಅವಧಿ ಸುಮಾರು 340 ದಿನ. ಅದರ ಪಾಡಿಗೆ ಬಿಟ್ಟರೆ ಬಹುಪಾಲು ಮರಿಗಳು ಹುಲ್ಲು ಚಿಗುರಿ ಬಿಸಿಲು ಹತ್ತಿದ ಮೇಲೆಯೇ ಹುಟ್ಟುತ್ತವೆ. ಅದನ್ನು ಹಿಂದಕ್ಕೆ ಎಳೆಯಲು ಡಿಸೆಂಬರ್ ಮೊದಲಲ್ಲೇ ಲಾಯಕ್ಕೆ ದೀಪ ಹಾಕಿ, ಸೂರ್ಯನ ಬೆಳಕೂ ಸೇರಿ ದಿನಕ್ಕೆ 16 ಗಂಟೆ ಬೆಳಕಿರುವಂತೆ ಮಾಡುತ್ತಾರೆ. ಸುಮಾರು ಎರಡು ತಿಂಗಳಲ್ಲಿ ದೇಹ ಮೋಸಹೋಗಿ, ಫೆಬ್ರುವರಿ ನಡುವಿನಲ್ಲಿ ಕೂಡಿಸುವ ಕಾಲ ಶುರುವಾಗುವ ಹೊತ್ತಿಗೆ ಕುದುರೆ ಬೆದೆಗೆ ಸಿದ್ಧ. ಈ ತಳಿಗೆ ಕೃತಕ ಗರ್ಭಧಾರಣೆ ನಿಷಿದ್ಧ; ವೀರ್ಯ ತರಿಸಿಕೊಳ್ಳುವಂತಿಲ್ಲ, ಕುದುರೆಯನ್ನೇ ಗಾಡಿಗೇರಿಸಿ ಗಂಡಿನ ಬಳಿಗೆ ಒಯ್ಯಬೇಕು. ಮರಿ ಹಾಕಿದ ವಾರ, ಹತ್ತು ದಿನದೊಳಗೆ ಮತ್ತೆ ಬೆದೆ. ವರ್ಷಕ್ಕೊಂದು ಮರಿ ಬೇಕಾದರೆ ಗಬ್ಬದ ಹನ್ನೊಂದು ತಿಂಗಳು ಕಳೆದು ಉಳಿಯುವುದು ಒಂದೇ ತಿಂಗಳು. ಒಂದು ಬೆದೆ ತಪ್ಪಿದರೆ ಮುಂದಿನ ವರ್ಷದ ಮರಿ ಮೂರು ವಾರ ತಡ.

ಮೂರನೇ ವರ್ಷಕ್ಕೆ ಓಡುವ ಕುದುರೆಗೆ ನಾಲ್ಕು ತಿಂಗಳ ಹೆಚ್ಚುಕಡಿಮೆ ಏನು ಮಹಾ ಎಂದು ಕೇಳಬಹುದು. ಕೇಳುವವರ ಬಳಿ ಗಟ್ಟಿ ಸಾಕ್ಷಿಯೂ ಇದೆ. ಕೆನಡಾದ ನಾರ್ದರ್ನ್ ಡ್ಯಾನ್ಸರ್ ಹುಟ್ಟಿದ್ದು 1961ರ ಮೇ 27ರಂದು. 1964ರ ಮೇ 2ರಂದು, ಅಂದರೆ ನಿಜವಾದ ಮೂರು ವರ್ಷ ತುಂಬುವ ಮೊದಲೇ, ಅದು ಮೂರು ವರ್ಷದ ಕುದುರೆಗಳ ಕೆಂಟಕಿ ಡರ್ಬಿಯನ್ನು ಅಂದಿನ ದಾಖಲೆ ವೇಗದಲ್ಲಿ ಗೆದ್ದಿತು. ಓಟದ ಕಣದ ಮಟ್ಟಿಗೆ ಈ ಆಕ್ಷೇಪ ಸರಿ. ಆದರೆ ಅದೇ ಕುದುರೆ ಒಂದು ವರ್ಷದ ಮರಿಯಾಗಿದ್ದಾಗ 25,000 ಡಾಲರಿಗೆ ಮಾರಾಟಕ್ಕೆ ನಿಂತು, ಕುಳ್ಳಗಿದೆಯೆಂದು ಗಿರಾಕಿಯಿಲ್ಲದೆ ಉಳಿದಿತ್ತು. ಚಿಕ್ಕ ಫಾರಂನವರು ಬದುಕುವುದು ಡರ್ಬಿಯಿಂದಲ್ಲ, ಹೀಗೆ ಎಳೆಯ ಮರಿಗಳನ್ನು ಮಾರಿ. ಮರುವರ್ಷದ ಸೆಪ್ಟೆಂಬರ್ ಹರಾಜಿನ ಹೊತ್ತಿಗೆ ಜನವರಿಯ ಮರಿಗೆ 20 ತಿಂಗಳು, ಮೇ ತಿಂಗಳದಕ್ಕೆ 16. ಕೊಳ್ಳುವವರು ಮೊದಲು ನೋಡುವುದು ಮೈಕಟ್ಟನ್ನು. ಆ ನಾಲ್ಕು ತಿಂಗಳ ಬೆಲೆ ಗೊತ್ತಿರುವುದರಿಂದಲೇ ಡಿಸೆಂಬರಿನಲ್ಲಿ ಲಾಯದ ದೀಪ ಉರಿಯುತ್ತದೆ.

ಕುದುರೆ ಹೆಚ್ಚಾಗಿ ಮರಿ ಹಾಕುವುದೇ ರಾತ್ರಿ. ತಾರೀಕು ಯಾವುದಾದರೂ ನಿದ್ದೆಗೇಡು ತಪ್ಪದಲ್ಲ ಎನ್ನುವುದು ಮೊದಲಿನ ಆಕ್ಷೇಪಕ್ಕಿಂತ ತೂಕದ ಮಾತು. ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತೆಂದರೆ ಒಂದೆರಡು ದಿನದಲ್ಲಿ ಹೆರಿಗೆ ಎಂದು ಊಹಿಸಬಹುದು. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಗಿಣ್ಣು ಹಾಲಿನ ರೋಗನಿರೋಧಕ ಅಂಶವನ್ನು ಮರಿಯ ಕರುಳು ಹೀರಿಕೊಳ್ಳುವುದು ಮೊದಲ ದಿನವಷ್ಟೇ, ಅದೂ ಗಂಟೆಗಂಟೆಗೂ ಇಳಿಯುತ್ತಾ. ಕ್ಯಾಮೆರಾ ಬಂದಿರುವುದರಿಂದ ಹಾಸಿಗೆಯಿಂದಲೇ ಲಾಯ ನೋಡಬಹುದು, ನಿಜ. ಆದರೆ ಕಾಲು ಸಿಕ್ಕಿಕೊಂಡ ಮರಿಯನ್ನು ಕ್ಯಾಮೆರಾ ಸರಿಪಡಿಸದು. ಕಾವಲು ಮೇ ತಿಂಗಳಲ್ಲೂ ಬೇಕೇ ಬೇಕು. ಆದರೆ ಮೇ ತಿಂಗಳಲ್ಲಿ ಒದ್ದೆ ಮರಿ ಚಳಿಗೆ ಸೆಟೆಯುವುದಿಲ್ಲ; ತಾಯಿಗೆ ಹಸಿ ಮೇವು ಕಾಲಡಿಯಲ್ಲೇ ಇರುತ್ತದೆ; ಕೆಸರಲ್ಲಿ ಜಾರೀತೆಂದು ಮರಿಯನ್ನು ಒಳಗೇ ಇಟ್ಟು ದಿನಕ್ಕೆರಡು ಸಲ ಹಾಸು ಬದಲಿಸುವ ಕೆಲಸವೂ ತಪ್ಪುತ್ತದೆ. ಕರ್ನಾಟಕದ ಕುಣಿಗಲ್ ಕುದುರೆ ಫಾರಂಗೂ ಇದೇ ಜನವರಿ 1ರ ಲೆಕ್ಕ. ಆದರೆ ಅಲ್ಲಿನ ಫೆಬ್ರುವರಿಯಲ್ಲಿ ಹಿಮವಿಲ್ಲದ ಕಾರಣ ನಿಯಮದ ಈ ಮುಳ್ಳು ಅಷ್ಟು ಚುಚ್ಚುವುದಿಲ್ಲ.

ಇನ್ನು, ತಾರೀಕು ಬದಲಿಸಿದರೆ ವ್ಯವಸ್ಥೆಯೇ ಕುಸಿದೀತು ಎಂಬ ಅಂಜಿಕೆ. ದಕ್ಷಿಣ ಗೋಳಾರ್ಧದ ಹಲವು ದೇಶಗಳು ತಮ್ಮ ಋತುವಿಗೆ ತಕ್ಕಂತೆ ಆಗಸ್ಟ್ 1 ಇಟ್ಟುಕೊಂಡಿವೆ, ಏನೂ ಕುಸಿದಿಲ್ಲ. ಇಂಗ್ಲೆಂಡಿನಲ್ಲೂ ಮೊದಲಿದ್ದದ್ದು ಮೇ 1. ಅದನ್ನು ಜನವರಿಗೆ ತರಲು ಹೊರಟದ್ದು 1830ರ ದಶಕದಲ್ಲಿ, ರೇಸ್ ನಡೆಸುವವರ ಅನುಕೂಲಕ್ಕೆ. ಸವಾರಿಗೆಂದೋ ಮನೆಯ ಖುಷಿಗೆಂದೋ ಕುದುರೆ ಸಾಕುವವರಿಗೆ ಹರಾಜಿನ ಅವಸರವಿಲ್ಲ. ಅಂಥವರು ಏಪ್ರಿಲ್, ಮೇವರೆಗೆ ಕಾದು, ಹುಲ್ಲಿನ ಮೇಲೇ ಮರಿ ಹಾಕಿಸಿಕೊಳ್ಳಬಹುದು. ಅವರ ಕುದುರೆಗೂ ಹನ್ನೊಂದೇ ತಿಂಗಳ ಗಬ್ಬ.